ನಲವತ್ತೇಳು ಇಂಚಿನ ಕೋಲು

ಮೂವತ್ತೇಳನೇ ವಯಸ್ಸಿಗೆ ಕೆಲಸ ಬಿಟ್ಟು ಕೂತವನ ಅನುಭವಕ್ಕೆ ಏನು ಬೆಲೆ ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ಅದನ್ನು ನಾನೇ ಮೊದಲು ಎತ್ತಿಬಿಡುತ್ತೇನೆ. ಎದುರಾಳಿ ಹೇಳಲಿರುವ ಮಾತನ್ನು ನಾವೇ ಹೇಳಿಬಿಟ್ಟರೆ ಅದರ ಅರ್ಧ ಹಲ್ಲು ಉದುರುತ್ತದೆ ಎಂಬುದು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದಾಗ ಕಲಿತ ಪಾಠ. ನಾನು ಬಿಟ್ಟದ್ದು ವಯಸ್ಸಾಗಿ ಅಲ್ಲ. ಹದಿನೈದು ವರ್ಷ ಕೈಯಾಡಿಸಿದ ಅಂಟು ನನ್ನ ಅಂಗೈಯ ಚರ್ಮಕ್ಕೆ ಆಗದಾಯಿತು. ಬೆರಳ ಸಂದಿಗಳು ಒಡೆದು ನೀರಾಡುತ್ತಿದ್ದವು. ಡಾಕ್ಟರು, "ಒಂದೋ ಅಂಟು ಬಿಡಿ, ಇಲ್ಲ ಕೈ ಬಿಡಿ" ಅಂದರು. ಇದರಲ್ಲಿ ಎರಡೂ ಪಕ್ಷ ವಾದಿಸುವುದಕ್ಕೆ ಏನೂ ಇರಲಿಲ್ಲ.

ಕೆಲಸ ಯಾವುದೆಂದರೆ ಗಾಲ್ಫ್ ಕೋಲುಗಳ ರಿಪೇರಿ. ಆಲ್ದೂರಿಗೂ ಮೂಡಿಗೆರೆಗೂ ನಡುವಿನ ಗುಡ್ಡದಲ್ಲಿ, ಕಾಫಿ ಎಸ್ಟೇಟುಗಳು ಮೂರು ಕಡೆಯಿಂದ ಒತ್ತಿಕೊಂಡು ಬಂದ ಜಾಗದಲ್ಲಿ, ಪ್ಲಾಂಟರುಗಳ ಒಂದು ಕ್ಲಬ್ಬು ಇತ್ತು. ಈಗಲೂ ಇದೆ. ಅದರ ಹಿಂಬದಿಯಲ್ಲಿ ಒಂಬತ್ತು ಹೋಲಿನ ಮೈದಾನ. ಸಣ್ಣ ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ದೂರದ ಗುಂಡಿಗೆ, ಅಂದರೆ ಹೋಲಿಗೆ, ಬೀಳಿಸುವುದು ಆಟ. ಇಷ್ಟು ತಿಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ನನ್ನ ಜಾಗಕ್ಕೆ ಈಗ ಬಂದಿರುವ ಇಬ್ಬರು, "ಸತೀಶಣ್ಣ, ಕೋಲು ಎಷ್ಟು ಉದ್ದ ಇಡಬೇಕು ಅಂತ ಒಂದು ಲೆಕ್ಕ ಬರೆದುಕೊಡಿ" ಎಂದು ಕೇಳಿದ್ದಾರೆ. ಲೆಕ್ಕವನ್ನು ಒಂದು ಸಾಲಿನಲ್ಲಿ ಬರೆಯಬಹುದು. ಕೋಲು ಉದ್ದವಾದಷ್ಟೂ ಅದರ ತಲೆ, ಅಂದರೆ ಚೆಂಡಿಗೆ ಬಡಿಯುವ ತುದಿ, ದೊಡ್ಡ ಸುತ್ತು ಸುತ್ತುತ್ತದೆ, ಹೆಚ್ಚು ವೇಗ ಪಡೆಯುತ್ತದೆ, ಚೆಂಡು ದೂರ ಹೋಗುತ್ತದೆ. ಕೋಲು ಗಿಡ್ಡವಾದಷ್ಟೂ ತಲೆ ನಿಮ್ಮ ಕೈಯ ಮಾತು ಕೇಳುತ್ತದೆ, ಚೆಂಡು ಹೇಳಿದ ಕಡೆ ಹೋಗುತ್ತದೆ. ಈ ಸಾಲನ್ನು ಕಲಿಯಲು ನನಗೆ ಐದು ನಿಮಿಷ ಸಾಕಾಯಿತು. ಅದರ ಭಾರ ಎಷ್ಟೆಂದು ತಿಳಿಯಲು ಮೂರು ಶನಿವಾರ ಬೇಕಾದವು. 

ತೊಂಬತ್ತರ ದಶಕದ ನಡುವೆ ನಾನು ಸೇರಿದಾಗ ಆ ಕೋಣೆಯ ಯಜಮಾನಿಕೆ ಹಸನ್ ಕಾಕನದು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ ಜೀಪುಗಳ ಮೆಕ್ಯಾನಿಕ್ ಆಗಿದ್ದವರು. ಯಾರೋ ಪ್ಲಾಂಟರು ಬಾಗಿದ ಕೋಲೊಂದನ್ನು ತಂದು ನೇರ ಮಾಡಿಸಿಕೊಂಡು ಹೋದ ಮೇಲೆ ಕ್ಲಬ್ಬಿನವರೇ ಕರೆದುಕೊಂಡು ಬಂದಿದ್ದರಂತೆ. ಓದು ಕಡಿಮೆ, ಮಾತು ಇನ್ನೂ ಕಡಿಮೆ. ಮಾತೇ ಬಂಡವಾಳವಾಗಿದ್ದ ನನಗೆ ಅಂಥವರ ಕೈಕೆಳಗೆ ಇರುವುದು ಎಂಥ ಹಿಂಸೆ ಎಂದು ಊಹಿಸಿಕೊಳ್ಳಿ.

ಮೊದಲ ವಾರವೇ ಒಂದು ಅನಾಹುತ ಮಾಡಿದೆ. ಕೋಲಿನ ದಂಡ ಹಿಡಿಯುವ ಕಡೆ ದಪ್ಪ, ತಲೆಯ ಕಡೆ ಸಣ್ಣ. ಗಿಡ್ಡ ಮಾಡಬೇಕಾದರೆ ದಪ್ಪ ಕಡೆಯಿಂದ ಕೊಯ್ಯಬೇಕು. ನಾನು ತಲೆ ಬಿಚ್ಚಿ, ಸಣ್ಣ ಕಡೆಯಿಂದ ಒಂದು ಇಂಚು ಕೊಯ್ದೆ. ಕೊಯ್ದ ಮೇಲೆ ತಲೆ ಕೂರಲಿಲ್ಲ. ಕಾಕ ಬಂದು ನೋಡಿದರು. ಬೈಯುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡು ನಿಂತಿದ್ದೆ. ಅವರು ಆ ದಂಡವನ್ನು ಎತ್ತಿ, ಮುಚ್ಚಿಕೊಳ್ಳುತ್ತಿದ್ದ ಕಿಟಕಿಗೆ ಒತ್ತುಗೋಲಾಗಿ ಕೊಟ್ಟರು.

"ಸರಿಯಾಗಿ ಕೂತ್ಕೊಂತು ನೋಡು" ಅಂದರು. "ಇನ್ನು ಗಾಳಿ ಬರುತ್ತೆ."

ನಾನು ಅಲ್ಲಿದ್ದಷ್ಟು ವರ್ಷವೂ ಅದು ಕಿಟಕಿಯಲ್ಲೇ ಇತ್ತು. ಕೊಯ್ದದ್ದು ಮತ್ತೆ ಬೆಳೆಯುವುದಿಲ್ಲ ಎಂದು ಬಾಯಲ್ಲಿ ಅವರು ಒಮ್ಮೆಯೂ ಹೇಳಲಿಲ್ಲ.

ನಾನು ತಂದ ಸುಧಾರಣೆಯ ಕತೆಯನ್ನೂ ಹೇಳಬೇಕು. ಒಂದು ವಿದೇಶಿ ಪತ್ರಿಕೆಯಲ್ಲಿ ಪಟ್ಟಿಯೊಂದು ಸಿಕ್ಕಿತು. ಆಟಗಾರನನ್ನು ನೆಟ್ಟಗೆ ನಿಲ್ಲಿಸಿ, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಎಂದು ಟೇಪಿನಲ್ಲಿ ಅಳೆದರೆ ಕೋಲಿನ ಉದ್ದ ಪಟ್ಟಿಯಲ್ಲಿ ಸಿಗುತ್ತದೆ. ಕಾಕನ ಅಂದಾಜಿನ ಕಾಲ ಮುಗಿಯಿತು ಎಂದು ಸಾರಿದೆ. ನಮ್ಮ ಕೋಣೆಯ ನುಣುಪಾದ ಕೆಂಪು ಗಾರೆಯ ಮೇಲೆ ಮೂವರು ಪ್ಲಾಂಟರನ್ನು ನಿಲ್ಲಿಸಿ ಅಳೆದೆ, ಕೊಯ್ದೆ. ಮೂರೂ ಕೋಲು ಹದಿನೈದು ದಿನದಲ್ಲಿ ವಾಪಸ್ಸು ಬಂದವು. "ಸರಿಯಿಲ್ಲ ಮಾರಾಯ" ಎನ್ನುತ್ತಾರೆಯೇ ಹೊರತು ಏನು ಸರಿಯಿಲ್ಲ ಎಂದು ಮೂವರಿಗೂ ಹೇಳಲಾಗಲಿಲ್ಲ.

ಕಾಕ ಅವರನ್ನು ಒಬ್ಬೊಬ್ಬರನ್ನೇ ಹೊರಗೆ ಕರೆದುಕೊಂಡು ಹೋಗಿ ಮೈದಾನದ ಇಳಿಜಾರಿನಲ್ಲಿ ನಿಲ್ಲಿಸಿದರು. ನಮ್ಮ ಮೈದಾನದಲ್ಲಿ ಸಪಾಟು ನೆಲವೇ ಇಲ್ಲ. ಚೆಂಡು ಕಾಲಿಗಿಂತ ಮೇಲಿರುತ್ತದೆ, ಇಲ್ಲವೇ ಕೆಳಗಿರುತ್ತದೆ.

"ಈ ಜನ ಹುಟ್ಟಿದಾಗಿಂದ ತೋಟದ ಗುಡ್ಡ ಹತ್ತಿ ಇಳಿದೋರು" ಅಂದರು. "ಸಪಾಟು ನೆಲದಲ್ಲಿ ನಿಲ್ಲಕ್ಕೇ ಇವ್ರಿಗೆ ಬರಲ್ಲ. ನೀನು ಅವ್ರಿಗೆ ಗೊತ್ತಿಲ್ಲದ ಜಾಗದಲ್ಲಿ ನಿಲ್ಸಿ ಅಳ್ದೆ."

ಇದು ಒಂದು ವಾದವೇ? ಪ್ರಮಾಣ ಎಲ್ಲಿದೆ? ಎಂದು ಕೇಳಿದೆ. ಕಾಕ ಬೀಡಿ ಹಚ್ಚಿದರು. ನನ್ನ ಎಷ್ಟೋ ಪ್ರಶ್ನೆಗಳಿಗೆ ಅವರ ಉತ್ತರ ಬೀಡಿಯೇ ಆಗಿತ್ತು.

ಈಗ ಬೆಳ್ಳೇಗೌಡರ ವಿಷಯ. ಅರವತ್ತೆಂಟು ದಾಟಿದ್ದ ಪ್ಲಾಂಟರು. ಒಂದು ಕಾಲಕ್ಕೆ ಆ ಕ್ಲಬ್ಬಿನಲ್ಲಿ ಅವರಷ್ಟು ದೂರ ಹೊಡೆಯುವವರಿರಲಿಲ್ಲ. ಐದನೇ ಹೋಲಿನಲ್ಲಿ ಎತ್ತರದ ದಿಬ್ಬದ ಮೇಲಿಂದ ಹೊಡೆಯಬೇಕು. ಮುಂದೆ ಒಂದು ಹಳ್ಳ ಅಡ್ಡ ಹರಿಯುತ್ತದೆ. ಅದನ್ನು ಒಂದೇ ಏಟಿಗೆ ದಾಟಿಸಿದವನು ಗಂಡಸು, ದಾಟಿಸದವನು ಉಳಿದವರಿಗೆ ಕಾಫಿ ಕೊಡಿಸಬೇಕು, ಹೀಗೆ ಅಲ್ಲಿನ ಪದ್ಧತಿ. ಭುಜ ಹಿಡಿದುಕೊಂಡ ಮೇಲೆ ಗೌಡರ ಚೆಂಡು ಎರಡು ವರ್ಷದಿಂದ ನೀರಿಗೇ ಬೀಳುತ್ತಿತ್ತು. "ಗೌಡ್ರೆ, ಹಳ್ಳದ ಮೀನಿಗೆಲ್ಲ ತಲೆನೋವಂತೆ" ಎಂದು ಗೆಳೆಯರು ಚುಚ್ಚುತ್ತಿದ್ದರು. ಅವರೂ ನಗುತ್ತಿದ್ದರು. ನಗು ಮುಗಿದ ಮೇಲೆ ತಮ್ಮ ಕೋಲನ್ನು ನೋಡಿಕೊಳ್ಳುತ್ತಿದ್ದರು. ಅದನ್ನು ನಾನು ಗಮನಿಸಿದ್ದೆ.

ಆ ಹೊತ್ತಿಗೆ ಮರದ ತಲೆ, ಉಕ್ಕಿನ ದಂಡದ ಕೋಲುಗಳು ಹಿಂದೆ ಸರಿದು, ಲೋಹದ ತಲೆ, ಗ್ರಾಫೈಟ್ ದಂಡಗಳು ಬರತೊಡಗಿದ್ದವು. ಗ್ರಾಫೈಟ್ ಹಗುರ. ಹಗುರವಾದ್ದರಿಂದ ಉದ್ದ ಇಡಬಹುದು. ಗೌಡರ ಹಳೇ ಕೋಲು ನಲವತ್ತಮೂರು ಇಂಚು. ಅವರ ಅಳಿಯ ದುಬೈಯಿಂದ ತಂದುಕೊಟ್ಟ ಗ್ರಾಫೈಟ್ ದಂಡ, ಕೊಯ್ಯದೆ ಹಾಗೇ ತಲೆ ಕೂರಿಸಿದರೆ, ನಲವತ್ತೇಳು ಇಂಚು.

"ಬೇಡ" ಅಂದರು ಕಾಕ. "ನಲವತ್ನಾಲ್ಕಕ್ಕೆ ಕೊಯ್ಯಿ."

"ಯಾಕೆ?"

"ಬೇಡ ಅಂದ್ನಲ್ಲ."

ಆ ಶನಿವಾರ ಕ್ಲಬ್ಬಿನ ಜಗಲಿಯಲ್ಲಿ ಎಂಟು ಹತ್ತು ಸದಸ್ಯರು ಕುಳಿತಿದ್ದಾಗ ಗೌಡರು ನಮ್ಮಿಬ್ಬರನ್ನೂ ಕರೆಸಿ, ಯಾರ ಮಾತು ಸರಿ ಎಂದು ಕೇಳಿದರು. ನನಗೆ ಅದು ವೇದಿಕೆಯಂತೆ ಕಂಡಿತು. ಸುತ್ತಿನ ಅಳತೆ, ತಲೆಯ ವೇಗ, ಹಗುರ ದಂಡದ ಲಾಭ, ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದೆ. ಕಡೆಗೆ, "ಅನುಭವ ಅಂದರೆ ಅನೇಕ ಸಲ ಒಂದೇ ತಪ್ಪನ್ನು ಬಹಳ ವರ್ಷ ಮಾಡಿರುವುದು ಅಷ್ಟೇ" ಅಂದೆ. ಜಗಲಿಯೆಲ್ಲ ನಕ್ಕಿತು. ಕಾಕನೂ ನಕ್ಕರು. ಅವರ ಸರದಿ ಬಂದಾಗ, "ದೂರ ಹೋಗುತ್ತೆ ಸರಿ, ಎಲ್ಲಿಗೆ ಹೋಗುತ್ತೆ ಅಂತ?" ಎಂದಷ್ಟೇ ಕೇಳಿದರು. ಅದಕ್ಕೆ ಯಾರೂ ಕಿವಿಗೊಡಲಿಲ್ಲ. ನಾನಂತೂ ಕೊಡಲಿಲ್ಲ.

ನಲವತ್ತೇಳು ಇಂಚೇ ಆಯಿತು. ಮುಂದಿನ ಶನಿವಾರ ಗೌಡರ ಮೊದಲ ಏಟಿಗೇ ಚೆಂಡು ಹಳ್ಳದ ಆಚೆ ಬಿತ್ತು. ಅವರು ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತರು. ಕಣ್ಣಲ್ಲಿ ನೀರಿತ್ತು ಅಂತ ಬರೆಯಬಹುದು, ಆದರೆ ನಾನು ಅಷ್ಟು ಹತ್ತಿರ ಇರಲಿಲ್ಲ. ಕಾಫಿ ಕೊಡಿಸಿದ್ದು ಬೇರೆಯವರು, ಅದು ನಿಜ.

ಅದೇ ದಿಬ್ಬದಿಂದ ಇನ್ನೊಂದು ಚೆಂಡಿಟ್ಟು ಹೊಡೆದರು, ಅದು ಬಲಕ್ಕೆ ಬಾಗಿತು. ದೂರ ಹೋಯಿತು, ಬಹಳ ದೂರ ಹೋಯಿತು. ಸಿಲ್ವರ್ ಓಕ್ ಮರಗಳ ಸಾಲಿನ ಆಚೆ ಕಾಣೆಯಾಯಿತು. ಮರಗಳ ಆಚೆ ಏನಿದೆ ಎಂದು ನನಗೆ ಆ ಕ್ಷಣ ನೆನಪಾಯಿತು.

ಪಕ್ಕದ ಎಸ್ಟೇಟಿನ ಕಾಲುದಾರಿ. ಹಣ್ಣು ಕೊಯ್ಯುವ ದಿನಗಳಲ್ಲಿ ಹೆಂಗಸರು ನಾಲ್ಕು ಗಂಟೆಗೆ ಕಾಫಿ ಹಣ್ಣಿನ ಚೀಲ ತಲೆಯ ಮೇಲಿಟ್ಟುಕೊಂಡು ಆ ದಾರಿಯಲ್ಲೇ ತೂಕದ ಕಣಕ್ಕೆ ಹೋಗುತ್ತಾರೆ. ತೂಕವಾದ ಮೇಲೆ ಅದೇ ದಾರಿಯಲ್ಲಿ ವಾಪಸ್ಸು ಬಂದು ಜೀಪು ಹತ್ತುತ್ತಾರೆ. ಗೌಡರ ತಂಡ ಶನಿವಾರ ಐದನೇ ಹೋಲಿಗೆ ಬರುವುದೂ ನಾಲ್ಕು ಗಂಟೆಗೇ. ಇಷ್ಟು ವರ್ಷ ಅದು ಯಾರಿಗೂ ತೊಂದರೆಯಾಗಿರಲಿಲ್ಲ, ಯಾಕೆಂದರೆ ಯಾರ ಚೆಂಡೂ ಆ ಮರಗಳವರೆಗೆ ಹೋಗುತ್ತಿರಲಿಲ್ಲ. ಅಷ್ಟು ದೂರ ಹೋಗುವಂತೆ ಮಾಡಿದವನು ನಾನು.

ಆ ವಾರ ಪೂರ್ತಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದಾರಿ ಅಗಲ ಎಷ್ಟು, ಚೆಂಡು ಎಷ್ಟು ಸಣ್ಣದು, ಎರಡೂ ಒಂದೇ ಕ್ಷಣ ಸೇರುವ ಸಂಭವ ಎಷ್ಟು. ವಾದ ಬಲವಾಗಿಯೇ ಇತ್ತು. ಆದರೂ ಶನಿವಾರ ಮೂರೂವರೆಯಿಂದಲೇ ನನ್ನ ಕಿವಿ ಐದನೇ ಹೋಲಿನ ಕಡೆ ನೆಟ್ಟಿತ್ತು. ದಂಡಕ್ಕೆ ತಲೆ ಕೂರಿಸುವ ಅಂಟು ಕಲಸುವಾಗ ಕೈ ನಿಲ್ಲುತ್ತಿತ್ತು. ಏಟಿನ ಸದ್ದು ಕೇಳಿದರೆ ಉಸಿರು ಹಿಡಿಯುತ್ತಿದ್ದೆ, ಆಮೇಲೆ ಕೂಗು ಕೇಳದಿದ್ದರೆ ಬಿಡುತ್ತಿದ್ದೆ. ಒಂದು ಸಲ ಕೂಗು ಕೇಳಿದಂತಾಯಿತು. ನವಿಲೋ ಏನೋ ಎಂದುಕೊಂಡೆ.

ನಾಲ್ಕೂಕಾಲಿಗೆ ಬಾಗಿಲಲ್ಲಿ ಗಿರಿಜಕ್ಕ ನಿಂತಿದ್ದರು. ಹಣ್ಣು ಕೊಯ್ಯುವ ಹೆಂಗಸರ ಗುಂಪಿಗೆ ಅವರೇ ಮೇಸ್ತ್ರಿ. ತಲೆಯ ಮೇಲಿನ ಚೀಲ ಇಳಿಸಿ, ಅದರ ಹರಿದ ಮಗ್ಗುಲಿಗೆ ಕೈ ಹಾಕಿ, ಕೆಂಪು ಹಣ್ಣಿನ ರಸ ಬಳಿದುಕೊಂಡ ಒಂದು ಬಿಳಿ ಚೆಂಡನ್ನು ಹೊರಗೆ ತೆಗೆದರು.

"ಇದು ಯಾರ್ದು?"

"ಗಿರಿಜಕ್ಕ, ಪೆಟ್ಟಾಯ್ತಾ?"

"ನಂಗೆ ಎಂಥ ಪೆಟ್ಟು. ಹಣ್ಣಿಗಾಯ್ತು." ಚೆಂಡನ್ನು ನನ್ನ ಮೇಜಿನ ಮೇಲೆ ಇಟ್ಟರು. ಅದು ಉರುಳದಂತೆ ಬೆರಳಲ್ಲಿ ಒತ್ತಿ ಹಿಡಿದರು. "ಹೋಗೋವಾಗ ಹೊಡೀರಿ ಮಾರಾಯ, ಚೀಲ ಇರುತ್ತೆ. ವಾಪಸ್ ಬರೋವಾಗ ಬರೀ ತಲೆ ಇರೋದು."

ಅಷ್ಟು ಹೇಳಿ ಚೀಲ ಎತ್ತಿಕೊಂಡು ತೂಕಕ್ಕೆ ಹೋದರು.  

ಮರುದಿನ ಗೌಡರ ಮನೆಗೆ ಹೋದೆ. ಕೋಲು ಹಜಾರದ ಗೋಡೆಗೆ ಒರಗಿ ನಿಂತಿತ್ತು.

"ಅವ್ರಿಗೆ ಬೇರೆ ದಾರಿ ಇಲ್ವಾ?" ಅಂದರು.

"ಸುತ್ತಾಗುತ್ತೆ ಗೌಡ್ರೆ. ಜೀಪು ತಪ್ಪುತ್ತೆ."

"ನೋಡ್ಕೊಂಡು ಹೊಡೀತೀನಿ ಬಿಡು."

ನೋಡಿಕೊಂಡೇ ಹೊಡೆದದ್ದಲ್ಲವೇ ಇಷ್ಟು ದಿನ? ಕ್ಲಬ್ಬಿನ ಕಾರ್ಯದರ್ಶಿಗಳ ಬಳಿ ಹೋದೆ. ಯಾವ ವಿಷಯಕ್ಕೂ "ನೋಡೋಣ" ಎನ್ನುವುದು ಅವರ ರೂಢಿ. ಅಂದು ಸ್ವಲ್ಪ ಹೆಚ್ಚು ಹೇಳಿದರು: "ಜಗಲೀಲಿ ನೀವೇ ತಾನೆ ಅಷ್ಟು ಚೆನ್ನಾಗಿ ವಾದ ಮಾಡಿದ್ದು? ನಮಗೆಲ್ಲ ಒಪ್ಪಿಗೆ ಆಗಿತ್ತಲ್ಲ. ನೋಡೋಣ."

ನಾನು ಕಟ್ಟಿದ ಗೋಡೆಗೆ ನಾನೇ ತಲೆ ಬಡಿದುಕೊಳ್ಳುವುದೆಂದರೆ ಇದು. ಕಾಕನ ಹತ್ತಿರ ಬಂದು, "ಈಗ ಏನು ಮಾಡಲಿ?" ಎಂದು ಕೇಳಿದೆ. ಅದೇ ಮೊದಲ ಸಲ ಅವರನ್ನು ಹಾಗೆ ಕೇಳಿದ್ದು.

"ಎಲ್ಲಿ ಗೆದ್ದೆ?" ಅಂದರು.

"ಜಗಲಿಯಲ್ಲಿ."

"ಹಂಗಾರೆ ಅಲ್ಲೇ ಸೋತು ಬಾ."

ಬರಿಗೈಯಲ್ಲಿ ಸೋಲುವುದೂ ನನಗೆ ಗೊತ್ತಿರಲಿಲ್ಲ, ಸಾಕ್ಷಿ ಬೇಕಿತ್ತು. ಬುಧವಾರ ಗೌಡರನ್ನು ಕರೆಸಿ, ಕೋಲಿನ ತಲೆಯಲ್ಲಿ ಚೆಂಡಿಗೆ ತಾಗುವ ಮುಖಕ್ಕೆ ತೆಳ್ಳಗೆ ಮೈಪೌಡರು ಹಚ್ಚಿ, ಹತ್ತು ಚೆಂಡು ಹೊಡೆಸಿದೆ. ಪ್ರತಿ ಏಟಿನ ಗುರುತನ್ನು ಕಾಗದದ ಮೇಲೆ ಇಳಿಸಿಕೊಂಡೆ. ಮುಖದ ನಟ್ಟನಡುವೆ ಬಿದ್ದದ್ದು ಎರಡು. ಉಳಿದ ಎಂಟು ಅಂಚಿನಲ್ಲಿ, ಅದೂ ಒಂದೊಂದು ಒಂದೊಂದು ಕಡೆ. ಉದ್ದ ಕೋಲಿನ ತಲೆ ಸುತ್ತಿ ಬರುವುದು ತಡವಾಗುತ್ತದೆ, ಮುಖ ಬಲಕ್ಕೆ ತೆರೆದುಕೊಂಡೇ ಚೆಂಡನ್ನು ಮುಟ್ಟುತ್ತದೆ. ನನ್ನ ಲೆಕ್ಕ ತಪ್ಪಿರಲಿಲ್ಲ. ಆ ಲೆಕ್ಕದಲ್ಲಿ ಕೋಲು ಪ್ರತಿ ಸಲವೂ ನಡುವಿಗೇ ಬಡಿಯುತ್ತದೆ ಎಂದು ನಾನು ಹೇಳದೇ ಸೇರಿಸಿಕೊಂಡಿದ್ದೆ. ಅರವತ್ತೆಂಟರ ಭುಜ ಅದಕ್ಕೆ ಒಪ್ಪಿರಲಿಲ್ಲ.

ಮೂರನೇ ಶನಿವಾರ ಕಾಗದ ಹಿಡಿದು ಕಾಕನ ಜೊತೆ ಅದೇ ಜಗಲಿಗೆ ಹೋದೆ. ಅಂದು ನಾನು ಹೇಳಿದ್ದು ತಪ್ಪು, ಕಾಕ ಕೇಳಿದ ಪ್ರಶ್ನೆಯೇ ಸರಿ ಅಂದೆ. ಗುರುತುಗಳನ್ನು ತೋರಿಸಿದೆ. ಗಿರಿಜಕ್ಕನ ಚೆಂಡನ್ನು ಮೇಜಿನ ಮೇಲೆ ಇಟ್ಟೆ. ಹಣ್ಣಿನ ರಸ ಒಣಗಿ ಕಪ್ಪಾಗಿತ್ತು. ಯಾರೋ ಒಬ್ಬರು ಅದನ್ನು ರಕ್ತವೆಂದೇ ತಿಳಿದು ಕುರ್ಚಿ ಹಿಂದಕ್ಕೆ ಸರಿಸಿದರು.

ಗೌಡರು ಕಾಗದವನ್ನು ಪೂರ್ತಿ ನೋಡಿದರು. "ನಿನ್ನ ಮಾತು ನಂಬಿ ಕೋಲು ತಗೊಂಡೆ. ಈಗ ನಿನ್ನ ಮಾತು ನಂಬಿ ಬಿಡ್ಬೇಕಾ? ನೀನು ಬರೋ ವಾರ ಇನ್ನೊಂದು ಹೇಳಲ್ಲ ಅಂತ ಏನು ಗ್ಯಾರಂಟಿ?"

ಜಗಲಿ ಮತ್ತೆ ನಕ್ಕಿತು. ಎರಡೂ ಪಕ್ಷದ ಪರವಾಗಿ ಮಾತಾಡಬಲ್ಲವನ ಮಾತಿಗೆ ಯಾವ ಪಕ್ಷದಲ್ಲೂ ಬೆಲೆಯಿಲ್ಲ. ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನು ಹತ್ತು ನಿಮಿಷವಿತ್ತು. ಗೌಡರು ಎದ್ದರು, ಕೋಲು ತೆಗೆದುಕೊಂಡು ಐದನೇ ಹೋಲಿನ ಕಡೆ ನಡೆದರು. ಕಾಕ ಅವರ ಹಿಂದೆ ಹೋದರು.

ನಾನು ಗುಡ್ಡ ಇಳಿದು ಓಡಿದೆ. ಮರಗಳ ಆಚೆ ಹೋಗುವಷ್ಟರಲ್ಲಿ ಹೆಂಗಸರು ತೂಕ ಮುಗಿಸಿ ವಾಪಸ್ಸು ಬರುತ್ತಿದ್ದರು. ಅಂದು ತೂಕ ಬೇಗ ಆಗಿತ್ತು. ಹನ್ನೊಂದು ಜನ, ಹನ್ನೊಂದು ಬರೀ ತಲೆ.

"ಒಂದು ಐದು ನಿಮಿಷ ನಿಂತ್ಕೊಳ್ಳಿ ಗಿರಿಜಕ್ಕ."

"ಜೀಪು ನಿಲ್ಲುತ್ತಾ ನೀನು ಹೇಳಿದ್ರೆ?" ಅವರ ಕಾಲು ನಿಲ್ಲಲಿಲ್ಲ. "ನೀನು ಯಾಕೆ ಹಿಂಗೆ ಬೆವರ್ತಿದ್ದೀಯ?"

ಬೇರೇನೂ ತೋಚದೆ ಅವರ ಎಡಗಡೆ, ಮೈದಾನದ ಮಗ್ಗುಲಿಗೆ, ಅವರ ಜೊತೆಗೇ ನಡೆಯತೊಡಗಿದೆ. ಮರಗಳ ಸಂದಿಯಲ್ಲಿ ದಿಬ್ಬ ಕಾಣುತ್ತಿತ್ತು. ದಿಬ್ಬದ ಮೇಲೆ ಗೌಡರ ಬಿಳಿ ಅಂಗಿ. ಅವರಿಗೂ ನಾವು ಕಾಣುತ್ತಿದ್ದಿರಬೇಕು. ಅವರು ಕೋಲು ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ನನ್ನ ಹೆಗಲು ತಾನಾಗಿ ಕಿವಿಯ ಹತ್ತಿರಕ್ಕೆ ಏರಿತ್ತು. ಹಿಂದಿನಿಂದ ಒಬ್ಬ ಹೆಂಗಸು, "ಅಯ್ಯೋ, ಇವ್ನಿಗೆ ಚಳಿಜ್ವರ" ಎಂದು ನಕ್ಕಳು. ಆಗ ಏಟಿನ ಸದ್ದು ಬಂತು.

ಚೆಂಡು ಎಲ್ಲೂ ಕಾಣಲಿಲ್ಲ. ಮರದ ಎಲೆ ಅಲುಗಲಿಲ್ಲ. ಹಳ್ಳದ ಕಡೆಯಿಂದ ಪುಳಕ್ ಎಂದು ಸದ್ದಾಯಿತು.

ನಾನು ಕೋಣೆಗೆ ಬಂದಾಗ ಕಾಕ ಕೋಲಿನ ಸಮೇತ ಆಗಲೇ ಬಂದಿದ್ದರು. ಕೋಲನ್ನು ವಿಚಿತ್ರವಾಗಿ ಹಿಡಿದಿದ್ದರು. ಹಿಡಿಕೆಯ ತುದಿಯಿಂದ ಕೆಳಗೆ ಒಂದು ಜಾಗದಲ್ಲಿ ಹೆಬ್ಬೆರಳನ್ನು ಬಲವಾಗಿ ಒತ್ತಿಕೊಂಡು, ಆ ಬೆರಳು ಕದಲದಂತೆ ದಿಬ್ಬದಿಂದ ಇಲ್ಲಿಯವರೆಗೆ ನಡೆದು ಬಂದಿದ್ದರು. ಬಾಯಲ್ಲಿ ಬೀಡಿ ಇರಲಿಲ್ಲ.

"ಗೌಡ್ರು ನಿಮ್ಮನ್ನೆಲ್ಲ ನೋಡಿದ್ರು" ಅಂದರು. "ಎರಡು ಸಲ ಎತ್ತಿ ಇಳ್ಸಿದ್ರು. ಮೂರನೇ ಸಲ ಎತ್ತೋವಾಗ ಕೈ ತಾನೇ ಕೆಳಗೆ ಜಾರಿ ಬಂತು. ಇಲ್ಲಿಗೆ. ನಾನು ಹೇಳ್ಲಿಲ್ಲ, ಯಾರೂ ಹೇಳ್ಲಿಲ್ಲ. ಅವ್ರಿಗೂ ಗೊತ್ತಾಗ್ಲಿಲ್ಲ. ಕೋಲು ಇಸ್ಕೊಂಡು ಬಂದೆ. ಗುರುತು ಹಾಕು, ನನ್ನ ಬೆರಳು ನೋಯ್ತಿದೆ."

ಗುರುತು ಹಾಕಿ ಅಳೆದೆ. ಮೂರು ಇಂಚು. ಕೊಯ್ದರೆ ನಲವತ್ನಾಲ್ಕು.

ಹಿಡಿಕೆ ಬಿಚ್ಚಿದೆ. ಗ್ರಾಫೈಟ್ ಸೀಳಬಾರದೆಂದು ಗುರುತಿನ ಸುತ್ತ ಟೇಪು ಸುತ್ತಿದೆ, ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದೆ. ಎಷ್ಟು ಸಲ ಅಳೆದಿದ್ದರೂ ಗರಗಸ ಇಡುವ ಮೊದಲು ಇನ್ನೊಮ್ಮೆ ಅಳೆದೆ. ಗಿಡ್ಡವಾದಾಗ ತಲೆ ಹಗುರವೆನಿಸುತ್ತದೆ. ಅದಕ್ಕೆ ಕಾಕ ಜೀಪಿನ ಚಕ್ರದ ತೂಕ ಸರಿದೂಗಿಸಲು ಬಡಿಯುವ ಸೀಸವನ್ನು ತಟ್ಟಿ ತೆಳ್ಳಗೆ ಮಾಡಿ ತಲೆಯ ಹಿಂಬದಿಗೆ ಅಂಟಿಸಿಕೊಟ್ಟರು.

ಸೋಮವಾರ ಗೌಡರು ಬಂದರು. ಕೋಲು ನೋಡಿದರು.

"ಕೊಯ್ದ್ಯಾ?"

"ಕೊಯ್ದೆ."

"ನನ್ನನ್ನ ಕೇಳ್ದೆ?"

"ಅಳತೆ ನೀವೇ ಕೊಟ್ಟಿದ್ದು ಗೌಡ್ರೆ" ಅಂದೆ. ಕಾಕ ಹೇಳಿದ್ದನ್ನು ಹೇಳಿದೆ. ಈ ಸಲ ಏನನ್ನೂ ಸೇರಿಸಲಿಲ್ಲ.

ಅವರು ಹಿಡಿಕೆಯ ಮೇಲೆ ಕೈ ಇಟ್ಟು ನೋಡಿದರು. ಕೈ ಹಿಡಿಕೆಯ ತುದಿಯಲ್ಲೇ ಇತ್ತು, ಎಲ್ಲಿಗೂ ಜಾರಬೇಕಾಗಿರಲಿಲ್ಲ. ನನ್ನ ಕೆಲಸ ಹೋಗುತ್ತದೆಂದೇ ಎಣಿಸಿದ್ದೆ.

"ಹಳ್ಳ ದಾಟಲ್ಲ ಇನ್ನು" ಅಂದರು. ಕೋಲು ತೆಗೆದುಕೊಂಡು ಹೋದರು.

ಆಮೇಲೆ ಹತ್ತು ವರ್ಷ ಆ ಕೋಣೆಯಲ್ಲಿದ್ದೆ. ಕಾಕ ಹೋದರು. ವೇಗ ಅಳೆಯುವ ಯಂತ್ರ ಬಂತು. ಉದ್ದ ಎಷ್ಟಿರಬೇಕೆಂದು ಅದೇ ಹೇಳುತ್ತದೆ, ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಆ ಯಂತ್ರವನ್ನು ಬೈದು ನನ್ನ ಕಾಲವೇ ಚೆನ್ನಾಗಿತ್ತು ಎಂದು ಮುಗಿಸುವ ಮನುಷ್ಯ ನಾನಲ್ಲ. ಕಾಕನ ಮಾತನ್ನೂ ನಂಬಬೇಡಿ, ನನ್ನದನ್ನೂ ನಂಬಬೇಡಿ. ಕೊಯ್ಯುವ ಮೊದಲು ಒಂದು ಸಲ ಮೈದಾನಕ್ಕೆ ಹೋಗಿ, ಆಟಗಾರ ನಿಲ್ಲುವ ಜಾಗದಲ್ಲೇ ನೀವೂ ನಿಂತು, ಬಲಕ್ಕೆ ನೋಡಿ.

ಗೌಡರ ಕೋಲು ಕೊಯ್ದ ಮುಂದಿನ ಶನಿವಾರ ನಾಲ್ಕು ಗಂಟೆಗೆ ನಾನು ದಿಬ್ಬದ ಬುಡದಲ್ಲಿದ್ದೆ. ಗೌಡರು ಹೊಡೆದರು. ಚೆಂಡು ದಾರದಲ್ಲಿ ಕಟ್ಟಿದಷ್ಟು ನೇರವಾಗಿ ಹೋಗಿ ಹಳ್ಳದ ಈಚೆಯ ಅಂಚಿಗೆ ಬಡಿದು ನೀರಿಗೆ ಬಿತ್ತು. ಮರಗಳ ಆಚೆಯಿಂದ ಗಿರಿಜಕ್ಕನ ದನಿ ಬಂತು.

"ಗೌಡ್ರೇ, ಬಾಲು ನೀರಿಗ್ ಬಿತ್ತಾ?"

ಗೌಡರು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆ ದಾರಿಯ ಕಡೆ ತಿರುಗಿ, ಗಟ್ಟಿಯಾಗಿ ಕೂಗಿದರು.

"ಬಿತ್ತು ಮಾರಾಯ್ತಿ. ನೀನು ಹೋಗು."